ಶಂಕಿತ ಉಗ್ರನನ್ನು ಚಿತ್ರಹಿಂಸೆಯ ದೇಶಕ್ಕೆ ಕಳಿಸಬಹುದೇ? ವಿಚಾರ ಮಾಡುವ ಕ್ರಮ

ಮೈಸೂರಿನ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವವಳು ನಾನು. ಭಾನುವಾರ ಕಾನೂನು ಕಾಲೇಜಿನ ಮಕ್ಕಳು ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ತಯಾರಿಗೆಂದು ಮನೆಗೆ ಬರುತ್ತಾರೆ. ಅವರನ್ನು ಹೆಚ್ಚು ಕಾಡುವ ವಿಷಯ ಒಂದಿದೆ. ಉಗ್ರ ಎಂಬ ಶಂಕೆ ಹೊತ್ತ ವಿದೇಶಿಯನ್ನು, ಲಾಕಪ್ಪಿನಲ್ಲಿ ಹಿಂಸೆ ಕೊಡುವುದು ರೂಢಿಯಾಗಿರುವ ಅವನ ದೇಶಕ್ಕೇ ಗಡೀಪಾರು ಮಾಡಬಹುದೇ? ಹತ್ತು ನಿಮಿಷಕ್ಕೆಲ್ಲ ಚರ್ಚೆ ಜಗಳವಾಗುತ್ತದೆ. ಒಬ್ಬರು ಬಾಂಬಿಗೆ ಸಿಕ್ಕಿ ಸತ್ತವರ ಬಗ್ಗೆ ಮಾತಾಡುತ್ತಾರೆ, ಇನ್ನೊಬ್ಬರು ಮಾನವ ಹಕ್ಕಿನ ಬಗ್ಗೆ. ಇಬ್ಬರ ನೋವೂ ನಿಜ, ಆದರೆ ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತಾರೆ. ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕೇಳಿಕೊಳ್ಳಬೇಕು ಎಂಬುದನ್ನು ಅವರಿಗಾಗಿ ಬರೆದಿದ್ದೇನೆ. ವಕೀಲರಲ್ಲದವರಿಗೂ ಇದೇ ಕ್ರಮ ಸಾಕು.

ಮೊದಲು ಎರಡು ಹಾಳೆ ತೆಗೆದುಕೊಳ್ಳಿ

ಒಂದರಲ್ಲಿ ಅವನ ಮೇಲಿನ ಆರೋಪ ಬರೆಯಿರಿ: ಏನು ಮಾಡಿದ, ಹೇಳಿದವರು ಯಾರು, ಸಾಕ್ಷ್ಯ ಏನು. ಇನ್ನೊಂದರಲ್ಲಿ ಅವನನ್ನು ಕಳಿಸಿದರೆ ಅಲ್ಲಿ ಏನಾಗುತ್ತದೆ ಎಂಬುದು: ವಿಮಾನದಿಂದ ಇಳಿದ ಮೇಲೆ ಯಾರ ಕೈಗೆ ಸಿಗುತ್ತಾನೆ, ಮೊದಲ ವಾರ ಎಲ್ಲಿ ಇಡುತ್ತಾರೆ, ಅದೇ ಬಗೆಯ ಕೇಸಿನಲ್ಲಿ ಮುಂಚೆ ಹೋದವರ ಗತಿ ಏನಾಯಿತು. ಎರಡನೆಯ ಹಾಳೆಯನ್ನೇ ಮೊದಲು ತುಂಬಿಸಿ. ಮೊದಲನೆಯದರ ಒಂದು ಸಾಲೂ ಇದಕ್ಕೆ ಬರಬಾರದು.

ಇದು ನನ್ನ ಮನಸ್ಸಿಗೆ ತೋಚಿದ ನಿಯಮವಲ್ಲ. 1984ರ ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದದ 3ನೇ ವಿಧಿ ಕೇಳುವುದು ಇಷ್ಟನ್ನೇ: ಅಲ್ಲಿ ಈ ಮನುಷ್ಯನಿಗೆ ಚಿತ್ರಹಿಂಸೆಯ ಅಪಾಯವಿದೆ ಎಂದು ನಂಬಲು ಗಟ್ಟಿ ಕಾರಣ ಇದೆಯೇ? ಇದ್ದರೆ ಗಡೀಪಾರೂ ಇಲ್ಲ, ವಿಚಾರಣೆಗೆಂದು ಆ ದೇಶದ ಕೈಗೆ ಒಪ್ಪಿಸುವ ಹಸ್ತಾಂತರವೂ ಇಲ್ಲ. ಅವನು ಎಂಥವನು ಎಂಬ ಮಾತೇ ಆ ವಿಧಿಯಲ್ಲಿ ಬರುವುದಿಲ್ಲ. ಯುದ್ಧ, ತುರ್ತು ಪರಿಸ್ಥಿತಿ ಯಾವುದೂ ಚಿತ್ರಹಿಂಸೆಗೆ ನೆಪವಾಗದು ಎಂದು 2ನೇ ವಿಧಿ ಮೊದಲೇ ಹೇಳಿಬಿಟ್ಟಿದೆ.

ಇನ್ನು ಮೊದಲ ಹಾಳೆ. ಅದರಲ್ಲಿರುವುದನ್ನೂ ಪೂರ್ತಿ ನಂಬಬೇಡಿ. ಸಿರಿಯಾದಲ್ಲಿ ಹುಟ್ಟಿ ಕೆನಡಾದ ಪ್ರಜೆಯಾಗಿದ್ದ ಎಂಜಿನಿಯರ್ ಮಾಹೆರ್ ಅರಾರ್ ಅವರನ್ನು 2002ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ ಹಿಡಿದು, ಜೋರ್ಡಾನ್ ಮೂಲಕ ಸಿರಿಯಾಕ್ಕೆ ಕಳಿಸಿದರು. ಮೂರಡಿ ಅಗಲ, ಆರಡಿ ಉದ್ದದ ಕೋಣೆಯಲ್ಲಿ ಇಟ್ಟಿದ್ದರು, ಕೇಬಲ್ಲಿನಿಂದ ಹೊಡೆದರು ಎಂದು ಅವರು ಆಮೇಲೆ ಹೇಳಿದರು. ಸುಮಾರು ಒಂದು ವರ್ಷ ಸೆರೆಯಲ್ಲಿದ್ದರು. 2006ರಲ್ಲಿ ಕೆನಡಾದ ವಿಚಾರಣಾ ಆಯೋಗ, ಅವರ ವಿರುದ್ಧ ಯಾವ ಪುರಾವೆಯೂ ಇಲ್ಲ ಎಂದಿತು. ಮರುವರ್ಷ ಪ್ರಧಾನಿ ಕ್ಷಮೆ ಕೇಳಿ ಒಂದು ಕೋಟಿ ಐದು ಲಕ್ಷ ಕೆನಡಾ ಡಾಲರ್ ಪರಿಹಾರ ಕೊಟ್ಟರು. ಶಂಕೆ ಅನ್ನುವುದು ತನಿಖೆಯ ಆರಂಭ, ತೀರ್ಪಲ್ಲ.

ದೇಶದ ಹೆಸರು ಮುಚ್ಚಿ ಓದಿ

ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1996ರಲ್ಲಿ ಕೊಟ್ಟ ಚಹಲ್ ತೀರ್ಪಿನ ಜೆರಾಕ್ಸ್ ಪ್ರತಿಯನ್ನು ಮಕ್ಕಳಿಗೆ ಕೊಡುತ್ತೇನೆ. ಕೊಡುವ ಮೊದಲು ಹೆಸರುಗಳ ಮೇಲೆಲ್ಲ ಬಿಳಿ ಪಟ್ಟಿ ಅಂಟಿಸಿರುತ್ತೇನೆ. ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ಬಾಳಿದ ಒಬ್ಬ ಮನುಷ್ಯ. ಪ್ರತ್ಯೇಕತಾವಾದಿ, ದೇಶದ ಭದ್ರತೆಗೆ ಅಪಾಯ ಎಂದು 1990ರ ಆಗಸ್ಟಿನಲ್ಲಿ ಬಂಧಿಸಿ ಹುಟ್ಟೂರಿನ ದೇಶಕ್ಕೆ ಗಡೀಪಾರು ಮಾಡಲು ಹೊರಟರು. 1984ರಲ್ಲಿ ಊರಿಗೆ ಹೋಗಿದ್ದಾಗ ಅಲ್ಲಿಯ ಪೊಲೀಸರು 21 ದಿನ ಇಟ್ಟುಕೊಂಡು ಹೊಡೆದಿದ್ದರು, ವಿದ್ಯುತ್ ಶಾಕ್ ಕೊಟ್ಟಿದ್ದರು ಎಂಬುದು ಅವನ ಹೇಳಿಕೆ. ಆಮೇಲೆ ಕೇಸೇ ಇಲ್ಲದೆ ಬಿಟ್ಟರು. ನಮ್ಮ ಕೈಗೆ ಕೊಡಿ, ಯಾವ ತೊಂದರೆಯೂ ಆಗುವುದಿಲ್ಲ ಎಂದು ಆ ದೇಶದ ಸರ್ಕಾರ ಬರೆದುಕೊಟ್ಟಿತು. ಕಳಿಸಬಹುದೇ?

ಮಕ್ಕಳು ಸಿರಿಯಾ, ಈಜಿಪ್ಟ್, ಪಾಕಿಸ್ತಾನ ಎಂದು ಊಹಿಸುತ್ತಾ, ಕಳಿಸಬಾರದು ಎಂದೇ ಹೇಳುತ್ತಾರೆ. ಪಟ್ಟಿ ಕಿತ್ತರೆ ಕಾಣುವುದು ಭಾರತ, ಪಂಜಾಬ್ ಪೊಲೀಸ್. ಭಾರತ ಸರ್ಕಾರದ ಪ್ರಾಮಾಣಿಕತೆಯನ್ನು ಆ ನ್ಯಾಯಾಲಯ ಸಂಶಯಿಸಲಿಲ್ಲ. ಆದರೆ ಭದ್ರತಾ ಪಡೆಯ ಕೆಲವರನ್ನು ಹಿಡಿತದಲ್ಲಿಡಲು ಆ ಸರ್ಕಾರಕ್ಕೇ ಆಗುತ್ತಿಲ್ಲ ಎಂದು 12 ನ್ಯಾಯಾಧೀಶರು ಗಡೀಪಾರಿಗೆ ಒಪ್ಪಲಿಲ್ಲ, 7 ಜನ ಬೇರೆ ಅಭಿಪ್ರಾಯ ಬರೆದರು. ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ವಿಮಾನದಿಂದ ಶಸ್ತ್ರಾಸ್ತ್ರ ಸುರಿದ ಪ್ರಕರಣದ ಆರೋಪಿಯನ್ನು ಭಾರತಕ್ಕೆ ಕೊಡಲು ಡೆನ್ಮಾರ್ಕಿನ ನ್ಯಾಯಾಲಯಗಳು 2011ರಲ್ಲೂ 2024ರಲ್ಲೂ ನಿರಾಕರಿಸಿದ್ದು ಇದೇ ಭಯಕ್ಕೆ.

ಇಲ್ಲಿ ಸಿಟ್ಟು ಬರುವುದು ಸಹಜ. ಆಗ ದೂರ ಹೋಗಬೇಡಿ, ಮಲೆ ಮಹದೇಶ್ವರ ಬೆಟ್ಟದ ಕಡೆ ನೋಡಿ. ವೀರಪ್ಪನ್ ಬೇಟೆಯ ಕಾಲದಲ್ಲಿ ಅವನ ಸಹಚರರೆಂದು ಹಿಡಿದ ಹಳ್ಳಿಯವರ ಟಾಡಾ (ಆಗಿನ ಭಯೋತ್ಪಾದನೆ ತಡೆ ಕಾಯ್ದೆ) ಕೇಸು ನಡೆದದ್ದು ನಮ್ಮ ಮೈಸೂರಿನಲ್ಲೇ. 2001ರಲ್ಲಿ ನೂರಕ್ಕೂ ಹೆಚ್ಚು ಜನ ಖುಲಾಸೆಯಾದರು, ಅದೂ ವರ್ಷಗಟ್ಟಲೆ ಜೈಲಿನಲ್ಲಿ ಕಳೆದ ಮೇಲೆ. ಜಂಟಿ ಕಾರ್ಯಪಡೆಯ ವಿರುದ್ಧದ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. ಅವರಲ್ಲಿ ಹಲವರು ನಮ್ಮ ಪಕ್ಕದ ತಾಲ್ಲೂಕಿನ ಜನ.

ಭರವಸೆ ಪತ್ರವನ್ನು ಒರೆಗೆ ಹಚ್ಚುವುದು

ಎಲ್ಲ ಕೇಸೂ ಕಡೆಗೆ ಬಂದು ನಿಲ್ಲುವುದು ಇಲ್ಲೇ. ‘ನಾವು ಹಿಂಸೆ ಕೊಡುವುದಿಲ್ಲ’ ಎಂಬ ಒಂದು ಪತ್ರ ಬರುತ್ತದೆ. ಅದನ್ನು ಓದುವಾಗ ನನಗೆ ನೆನಪಾಗುವುದು ನನ್ನ ಒಬ್ಬ ಕಕ್ಷಿದಾರ. ರಿಮ್ಯಾಂಡಿಗೆ ಕರೆತಂದಿದ್ದರು. ಪೊಲೀಸರು ಹೊಡೆದರಾ ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ಇಲ್ಲ ಸ್ವಾಮಿ ಎಂದ. ಕರೆತಂದ ಪೇದೆ ಅವನ ಬೆನ್ನಿಗೇ ನಿಂತಿದ್ದ. ವೈದ್ಯರ ಚೀಟಿಯಲ್ಲೂ ಗಾಯ ಇಲ್ಲ ಎಂದೇ ಬರೆದಿತ್ತು. ಹೊರಗೆ ಮೆಟ್ಟಿಲಿಳಿಯುವಾಗ ಅವನು ಪಾದದ ಅಂಚಿನ ಮೇಲೆ ಕಾಲೂರುತ್ತಿದ್ದ. ಅಂಗಾಲು ಊದಿ ಕಪ್ಪಗಾಗಿತ್ತು. ದಾಖಲೆಯಲ್ಲಿ ಇವತ್ತಿಗೂ ಅವನಿಗೆ ಏನೂ ಆಗಿಲ್ಲ.

ಹಾಗಾಗಿ ಪತ್ರದ ಭಾಷೆ ಬಿಟ್ಟು, ಪರೀಕ್ಷೆ ಮಾಡುವವರು ಯಾರು ಎಂದು ಹುಡುಕಿ. ಕಳಿಸಿದ ದೇಶದವರು ಅವನನ್ನು ಭೇಟಿಯಾಗುವುದು ಎಷ್ಟು ದಿನಕ್ಕೆ? 2001ರ ಡಿಸೆಂಬರ್ 18ರಂದು ಸ್ವೀಡನ್, ಭರವಸೆ ಪಡೆದೇ ಇಬ್ಬರನ್ನು ಈಜಿಪ್ಟಿಗೆ ಕಳಿಸಿತು. ಸ್ವೀಡನ್ನಿನ ರಾಯಭಾರಿ ಅವರನ್ನು ಮೊದಲು ನೋಡಿದ್ದು ಐದು ವಾರ ಕಳೆದ ಮೇಲೆ. ಆ ಐದು ವಾರದಲ್ಲೇ ಎಲ್ಲ ಮುಗಿದಿರುತ್ತದೆ. ಒಪ್ಪಂದದ ಉಲ್ಲಂಘನೆಯಾಗಿದೆ ಎಂದು 2005ರಲ್ಲಿ ವಿಶ್ವಸಂಸ್ಥೆಯ ಸಮಿತಿ ಹೇಳಿತು. ಭೇಟಿಯ ಹೊತ್ತಿನಲ್ಲಿ ಜೈಲಿನವರು ಕೋಣೆಯಲ್ಲಿ ಇರುತ್ತಾರೆಯೇ? ಅರಾರ್ ಅವರನ್ನು ಕೆನಡಾದ ಅಧಿಕಾರಿಗಳು ಮತ್ತೆ ಮತ್ತೆ ಭೇಟಿಯಾದರು, ಸಿರಿಯಾದವರ ಎದುರಿಗೇ. ತನ್ನ ಸ್ಥಿತಿಯನ್ನು ಅವರು ಬಾಯಿಬಿಟ್ಟು ಹೇಳಿದ್ದು ತಿಂಗಳುಗಳ ನಂತರ. ಸ್ವತಂತ್ರ ವೈದ್ಯರಿಗೆ ಪ್ರವೇಶವಿದೆಯೇ? ಮಾತು ತಪ್ಪಿದರೆ ಯಾವ ಕೋರ್ಟಿನಲ್ಲಿ ಯಾರು ಕೇಳಬಹುದು? ಉತ್ತರ ಇಲ್ಲದಿದ್ದರೆ ಆ ಪತ್ರಕ್ಕೆ ಬೆಲೆ ಕೊಡಬೇಡಿ.

ಎದುರು ಪಕ್ಷದವರು ಮುಂಬೈ ಸ್ಫೋಟದ ಆರೋಪಿ ಅಬು ಸಲೇಂ ಕೇಸು ತೋರಿಸುತ್ತಾರೆ. ಮರಣದಂಡನೆ ಇಲ್ಲ, 25 ವರ್ಷ ಮೀರಿ ಸೆರೆ ಇಲ್ಲ ಎಂದು ಭಾರತ ಪೋರ್ಚುಗಲ್ಲಿಗೆ ಮಾತು ಕೊಟ್ಟು 2005ರಲ್ಲಿ ಅವನನ್ನು ಕರೆತಂದಿತು. ಆ ಮಾತಿಗೆ ಕೇಂದ್ರ ಸರ್ಕಾರ ಬದ್ಧ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಜ. ಆದರೆ ಮರಣದಂಡನೆಯಾಗಲಿ ಶಿಕ್ಷೆಯ ಅವಧಿಯಾಗಲಿ ತೀರ್ಪಿನ ಕಾಗದದಲ್ಲಿ ಇರುತ್ತದೆ, ಯಾರು ಬೇಕಾದರೂ ಓದಬಹುದು. ಹಿಂಸೆ ಯಾವ ಕಾಗದದಲ್ಲೂ ಇರುವುದಿಲ್ಲ. ಎರಡೂ ಭರವಸೆಯನ್ನು ಒಂದೇ ಎಂದು ಒಪ್ಪಿಕೊಳ್ಳಬೇಡಿ.

‘ಅವನು ಅಷ್ಟು ಅಪಾಯಕಾರಿಯಾದರೆ?’

ಈ ಪ್ರಶ್ನೆಗೆ ಸಿಡಿಮಿಡಿಗೊಳ್ಳಬೇಡಿ. ಕೇಳುವವರ ಮನಸ್ಸಿನಲ್ಲಿ ಮುಂಬೈಯ ರೈಲು ನಿಲ್ದಾಣ ಇರುತ್ತದೆ. ಜನರನ್ನು ಕಾಯುವುದು ಸರ್ಕಾರದ ಕರ್ತವ್ಯವೇ. ಇಟಲಿಯ ಗಡೀಪಾರು ಆದೇಶದ ವಿರುದ್ಧದ 2008ರ ಸಾದಿ ಕೇಸಿನಲ್ಲಿ ಬ್ರಿಟನ್ ಮಧ್ಯೆ ಬಂದು ಇದನ್ನೇ ವಾದಿಸಿತು: ಅಪಾಯ ಹೆಚ್ಚಿದ್ದಷ್ಟೂ ಹಿಂಸೆಯ ಪುರಾವೆ ಗಟ್ಟಿಯಾಗಿರಬೇಕು ಎಂದು. ಯುರೋಪಿನ ನ್ಯಾಯಾಲಯ ಒಪ್ಪಲಿಲ್ಲ. ಅವನಿಂದ ನಮಗೆ ಆಗಬಹುದಾದದ್ದೂ ಅಲ್ಲಿ ಅವನಿಗೆ ಆಗಬಹುದಾದದ್ದೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಕೆನಡಾದ ಸುಪ್ರೀಂ ಕೋರ್ಟ್ ಮಾತ್ರ 2002ರ ಸುರೇಶ್ ತೀರ್ಪಿನಲ್ಲಿ, ತೀರಾ ಅಸಾಧಾರಣ ಸಂದರ್ಭದಲ್ಲಿ ಕಳಿಸಬಹುದೇನೋ ಎಂದು ಬಾಗಿಲು ಸ್ವಲ್ಪ ತೆರೆದಿಟ್ಟಿತು. ಅದು ತಪ್ಪೆಂದೇ ನನ್ನ ಅಭಿಪ್ರಾಯ. ಯಾವ ಸರ್ಕಾರ ತನ್ನ ಕೇಸನ್ನು ಸಾಧಾರಣ ಅನ್ನುತ್ತದೆ?

ಕಳಿಸದಿದ್ದರೆ ಬಿಟ್ಟುಬಿಡಬೇಕು ಎಂದೇನೂ ಇಲ್ಲ. ಇಲ್ಲೇ ವಿಚಾರಣೆ ಮಾಡಬಹುದು, ಕಣ್ಗಾವಲಿನಲ್ಲಿ ಇಡಬಹುದು. ಅಥವಾ ಆ ದೇಶವನ್ನೇ ಸರಿದಾರಿಗೆ ತರಬಹುದು. ಬ್ರಿಟನ್ ಜೋರ್ಡಾನಿಗೆ ಗಡೀಪಾರು ಮಾಡಲು ಹೊರಟಿದ್ದ ಧರ್ಮಬೋಧಕ ಅಬು ಕತಾದಾ ಕೇಸಿನಲ್ಲಿ ಜೋರ್ಡಾನಿನ ಭರವಸೆಯನ್ನು ಯುರೋಪಿನ ನ್ಯಾಯಾಲಯ 2012ರಲ್ಲಿ ಒಪ್ಪಿತು, ಏಕೆಂದರೆ ಭೇಟಿಯ ವ್ಯವಸ್ಥೆ ವಿವರವಾಗಿತ್ತು. ಆದರೆ ಬೇರೆಯವರನ್ನು ಹಿಂಸಿಸಿ ಪಡೆದ ಹೇಳಿಕೆ ಅವನ ವಿರುದ್ಧ ಬಳಕೆಯಾಗುತ್ತದೆ ಎಂಬ ಕಾರಣಕ್ಕೆ ಗಡೀಪಾರನ್ನು ತಡೆಯಿತು. ಹೊಸ ಒಪ್ಪಂದವಾದ ಮೇಲೆ 2013ರಲ್ಲಿ ಅವನು ಹೋದ, 2014ರಲ್ಲಿ ಅಲ್ಲಿಯ ಕೋರ್ಟೇ ಅವನನ್ನು ಖುಲಾಸೆ ಮಾಡಿತು.

ಇಂಥ ಫೈಲು ನಿಮ್ಮ ಕೈಗೇ ಬಂದರೆ

ಭಾರತ 1997ರಲ್ಲಿ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಸಹಿ ಹಾಕಿದೆ, ಅನುಮೋದಿಸಿಲ್ಲ. ಹಾಗಾಗಿ ವಾದ ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯಿಂದ ಶುರುವಾಗಲಿ. ಅದು ‘ವ್ಯಕ್ತಿ’ ಅನ್ನುತ್ತದೆ, ‘ನಾಗರಿಕ’ ಅನ್ನುವುದಿಲ್ಲ. ಚಕ್ಮಾ ನಿರಾಶ್ರಿತರಿಗೆ ಆ ವಿಧಿಯ ರಕ್ಷಣೆ ಕೊಟ್ಟ ಸುಪ್ರೀಂ ಕೋರ್ಟಿನ 1996ರ ತೀರ್ಪು ನಿಮ್ಮ ಪರ. ವಿದೇಶಿಯನ್ನು ಹೊರಹಾಕುವ ಅಧಿಕಾರಕ್ಕೆ ಮಿತಿಯಿಲ್ಲ ಎಂದ 1955ರ ಹಾನ್ಸ್ ಮುಲ್ಲರ್ ತೀರ್ಪು, ರೋಹಿಂಗ್ಯಾಗಳಿಗೆ ಮಧ್ಯಂತರ ರಕ್ಷಣೆ ಕೊಡದ 2021ರ ಆದೇಶ ನಿಮ್ಮ ವಿರುದ್ಧ. ಅವನ್ನು ನೀವೇ ಮೊದಲು ಕೋರ್ಟಿನ ಮುಂದಿಡಿ.

ಹಸ್ತಾಂತರಕ್ಕಾದರೆ ಮ್ಯಾಜಿಸ್ಟ್ರೇಟರ ವಿಚಾರಣೆ ಇದೆ, ಸಮಯ ಸಿಗುತ್ತದೆ. ಗಡೀಪಾರು ಸರ್ಕಾರದ ಆದೇಶ, ಗಂಟೆಗಳಲ್ಲಿ ಮುಗಿಯಬಹುದು. ಸ್ವೀಡನ್ನಿನಲ್ಲಿ ತೀರ್ಮಾನವಾದ ದಿನವೇ ವಿಮಾನ ಹೊರಟಿತು. ಮೈಸೂರಿನವರು ಬೆಂಗಳೂರಿನ ಹೈಕೋರ್ಟಿಗೇ ಹೋಗಬೇಕಾದ್ದರಿಂದ ರಿಟ್ ಅರ್ಜಿ ಆದೇಶಕ್ಕೂ ಮುಂಚೆ ಸಿದ್ಧವಿರಲಿ. ಹಳೆಯ ಗಾಯದ ವೈದ್ಯಕೀಯ ದಾಖಲೆ, ಊರಿನ ಮನೆಗೆ ಪೊಲೀಸರು ಬಂದುಹೋದ ಬಗ್ಗೆ ಮನೆಯವರ ಅಫಿಡವಿಟ್, ಸಹ ಆರೋಪಿಗಳಿಗೆ ಏನಾಯಿತೆಂಬ ವಿವರ, ಆ ದೇಶದ ಬಗ್ಗೆ ವಿಶ್ವಸಂಸ್ಥೆಯ ಸಮಿತಿಯ ವರದಿ, ಇಷ್ಟು ಜೊತೆಗಿರಲಿ.

ಬಿಡುಗಡೆ ಕೇಳಬೇಡಿ. ಈ ನ್ಯಾಯಾಲಯದ ವ್ಯಾಪ್ತಿಯಿಂದ ಹೊರಗೆ ಕಳಿಸಬಾರದು ಎಂಬ ಮಧ್ಯಂತರ ಕೋರಿಕೆ ಒಂದೇ ಸಾಕು. ಮನುಷ್ಯ ಸೆರೆಯಲ್ಲೇ ಇರುತ್ತಾನೆ ಎಂದು ಗೊತ್ತಾದರೆ ನ್ಯಾಯಾಧೀಶರು ಎರಡನೆಯ ಹಾಳೆಯನ್ನು ನೆಮ್ಮದಿಯಾಗಿ ಓದುತ್ತಾರೆ. ಜಾಮೀನು ಬೇಕಿದ್ದರೆ ಅರ್ಜಿ ಬೇರೆ ಹಾಕಿ, ಬೇರೆ ದಿನ.