ಗ್ರಾಮೀಣ ಸಮಾಜಶಾಸ್ತ್ರ ಮೈನರ್: ಹಳ್ಳಿ ಸಮೀಕ್ಷೆಗೆ ಹೊರಡುವವರಿಗೆ

ನೋಟ್ಸ್ ಓದಿ ಪಾಸಾಗಬಹುದು. ಆದರೆ ಈ ವಿಷಯ ತಲೆಗೆ ಹತ್ತಬೇಕಾದರೆ ಒಂದು ಊರನ್ನಾದರೂ ಮನೆಮನೆ ಸುತ್ತಲೇಬೇಕು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲೆಸಿದ್ದರು. ‘ಪ್ರಬಲ ಜಾತಿ’ಯ (ಜನಸಂಖ್ಯೆ, ಜಮೀನು, ಅಧಿಕಾರದಿಂದ ಊರಿನಲ್ಲಿ ಮೇಲುಗೈ ಪಡೆದ ಜಾತಿ) ಬಗ್ಗೆ ಅವರು ಬರೆದದ್ದಕ್ಕೆ ಆ ಊರೇ ಆಧಾರ.

ಒಂದು ಸೆಮಿಸ್ಟರಿಗೆ 40 ಕುಟುಂಬ ಸಾಕು. ಸ್ವಂತ ಊರು ಬೇಡ; ಅಲ್ಲಿ ನೀವು ಇಂಥವರ ಮನೆಯ ಮಗು, ಉತ್ತರಗಳೂ ಅದಕ್ಕೆ ತಕ್ಕಂತೆ ಬರುತ್ತವೆ. ಕಾಲೇಜಿನ ಪತ್ರ ಹಿಡಿದು ಮೊದಲು ಪಂಚಾಯ್ತಿಯಲ್ಲಿ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕಾಣಿ.

ಮೊದಲ ದಿನ ಪ್ರಶ್ನೆ ಕೇಳದೆ ನಕ್ಷೆ ಬರೆಯಿರಿ: ಗುಡಿ, ಅರಳಿಕಟ್ಟೆ, ಡೇರಿ, ನ್ಯಾಯಬೆಲೆ ಅಂಗಡಿ, ಯಾವ ಕೇರಿಗೆ ಚರಂಡಿ ಇದೆ, ಯಾವುದಕ್ಕಿಲ್ಲ. ಬಸ್ ಸ್ಟ್ಯಾಂಡಿನ ಬೀದಿಯಲ್ಲೇ ಕೆಲಸ ಮುಗಿಸಿದರೆ ದಲಿತ ಕೇರಿಯೂ ತೋಟದ ಮನೆಗಳೂ ಪಟ್ಟಿಯಿಂದ ಬಿದ್ದುಹೋಗುತ್ತವೆ.

ಪಟ್ಟಿ ಮಾಡುವಾಗ ಬಾಗಿಲು ಎಣಿಸಬೇಡಿ, ಒಲೆ ಎಣಿಸಿ. ಒಂದೇ ಸೂರಿನಡಿ ಅಣ್ಣತಮ್ಮಂದಿರ ಅಡುಗೆ ಬೇರೆಯಾಗಿದ್ದರೆ ಎರಡು ಕುಟುಂಬ. ಜನಗಣತಿಯ ಲೆಕ್ಕವೂ ಇದೇ. ರೇಷನ್ ಕಾರ್ಡ್ ನೆಚ್ಚಬೇಡಿ, ಒಟ್ಟಿಗೆ ಉಣ್ಣುವವರೂ ಬೇರೆ ಕಾರ್ಡ್ ಮಾಡಿಸಿರುತ್ತಾರೆ. 240 ಒಲೆ ಸಿಕ್ಕರೆ 40ರಿಂದ ಭಾಗಿಸಿ: 6. ಒಂದರಿಂದ ಆರರೊಳಗೆ ಚೀಟಿ ಎತ್ತಿ. 4 ಬಂದರೆ 4, 10, 16ನೆಯ ಮನೆ, ಹೀಗೆ ಕೊನೆಯವರೆಗೆ. ಬೀಗ ಹಾಕಿದ್ದರೆ ಪಕ್ಕದ ಮನೆಗೆ ನುಗ್ಗಬೇಡಿ, ಸಂಜೆ ಮತ್ತೆ ಹೋಗಿ. ಹಗಲು ಬೀಗ ಬೀಳುವುದು ಹೆಚ್ಚಾಗಿ ಕೂಲಿಗೆ ಹೋದವರ ಮನೆಗೇ. ಅವರನ್ನು ಬಿಟ್ಟರೆ ನಿಮ್ಮ ಊರಿನಲ್ಲಿ ಬಡವರೇ ಇರುವುದಿಲ್ಲ.

ಅತಿ ಹೆಚ್ಚು ಎಡವುವುದು ಜಮೀನಿನ ಪ್ರಶ್ನೆಯಲ್ಲಿ. ‘ಎಷ್ಟಿದೆ?’ ಎಂದಷ್ಟೇ ಕೇಳಿದರೆ ಸಾಲದು. ಪಹಣಿ, ಅಂದರೆ ಜಮೀನಿನ ದಾಖಲೆ, ಯಾರ ಹೆಸರಲ್ಲಿದೆ (ತೀರಿಹೋದ ಅಜ್ಜನದೂ ಆಗಿರಬಹುದು), ಈ ವರ್ಷ ಉಳುತ್ತಿರುವವರು ಯಾರು, ನೀರಾವರಿ ಎಷ್ಟು ಎಂದು ಬೇರೆಬೇರೆಯಾಗಿ ಕೇಳಿ. 1974ರ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನು ರದ್ದು ಮಾಡಿತು, ಹಾಗಾಗಿ ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಜಮೀನು ಕೊಟ್ಟದ್ದನ್ನು ಸುಲಭಕ್ಕೆ ಬಾಯಿಬಿಡುವುದಿಲ್ಲ. ‘ಬೆಳೆಯಲ್ಲಿ ಪಾಲು ಯಾರ್‍ಯಾರಿಗೆ ಹೋಗುತ್ತೆ?’ ಎಂದರೆ ಹೇಳುತ್ತಾರೆ. ಎಕರೆಗೆ 40 ಗುಂಟೆ. ಪಹಣಿಯ 2 ಎಕರೆ 20 ಗುಂಟೆಯನ್ನು ಕಂಪ್ಯೂಟರಿಗೆ 2.20 ಎಂದು ಹಾಕಿದರೆ ಸರಾಸರಿ ಪೂರ್ತಿ ಕೆಡುತ್ತದೆ. ಅದು 2.5.

ಯಜಮಾನರು ‘ಅವಳು ಮನೇಲೇ ಇರ್ತಾಳೆ’ ಎಂದರೆ ‘ಕೆಲಸವಿಲ್ಲ’ ಎಂದು ಬರೆಯಬೇಡಿ. ಹಾಲು ಕರೆಯುವವರು ಯಾರು, ಕಳೆ ಕೀಳುವವರು ಯಾರು, ಡೇರಿಯ ದುಡ್ಡು ಯಾರ ಕೈಗೆ ಬರುತ್ತದೆ ಎಂದು ಆಕೆಯನ್ನೇ ಕೇಳಿ. ವರದಿಯಲ್ಲಿ ಮನೆಯವರ ಹೆಸರು ಬೇಡ, ಕ್ರಮಸಂಖ್ಯೆ ಮಾತ್ರ ಇರಲಿ.