ಜಪಾನಿನ ಚಹಾ ಕೋಣೆಗೆ ಹೊರಟಿದ್ದೀರಾ? ಬಳೆ, ವಜ್ರಾಸನ, ಎಂಜಲಿನ ಬಗ್ಗೆ ಒಂದಿಷ್ಟು

ಟೋಕಿಯೋಗೆ ಬಂದ ಮೇಲೆ ಇವತ್ತಲ್ಲ ನಾಳೆ ಯಾರಾದರೂ ನಿಮ್ಮನ್ನು ಚಹಾ ಕೋಣೆಗೆ, ಅಂದರೆ ಶಾಸ್ತ್ರೋಕ್ತವಾಗಿ ಚಹಾ ಮಾಡಿ ಕೊಡುವ ಜಪಾನಿ ಪದ್ಧತಿಯ ಕೋಣೆಗೆ, ಕರೆದೇ ಕರೆಯುತ್ತಾರೆ. ಬುಕಿಂಗ್ ಎಲ್ಲ ಸಾಮಾನ್ಯವಾಗಿ ಕರೆದವರೇ ನೋಡಿಕೊಳ್ಳುತ್ತಾರೆ. ಸುಮ್ನೆ ರುಚಿ ನೋಡಬೇಕು ಅಂದರೆ ಹಮಾರಿಕ್ಯು ತೋಟದ ಕೊಳದ ನಡುವಿನ ಚಹಾ ಮನೆಗೆ ಹೋಗಿ ಬನ್ನಿ. ಕಷ್ಟ ಇರುವುದು ಚಿಕ್ಕ ಕೋಣೆಯಲ್ಲಿ, ಚಹಾ ಕಲಿಸುವ ಗುರುಗಳ ಎದುರು ಕೂತಾಗ.

ನಾನು ಮೊದಲ ಸಲ ರೇಷ್ಮೆ ಸೀರೆ ಉಟ್ಟು, ಕೈತುಂಬ ಗಾಜಿನ ಬಳೆ ತೊಟ್ಟು, ಸೆಂಟು ಬೇರೆ ಹಾಕಿಕೊಂಡು ಹೋಗಿದ್ದೆ. ಮದುವೆಗೆ ಹೊರಟ ಹಾಗೆ! ಸೆಂಟು ಹಾಕಬಾರದು, ಅಲ್ಲಿ ಉರಿಸುವ ಧೂಪದ ಪರಿಮಳ ಕೆಡುತ್ತದೆ. ಉಂಗುರ, ವಾಚು, ಬಳೆ ಬಟ್ಟಲಿಗೆ ತಾಗಿದರೆ ಗೀರು ಬೀಳುತ್ತದೆ. ಗುರುಗಳು ನನ್ನ ಕೈ ನೋಡಿ, "ಬಟ್ಟಲಿಗೆ ತಾಗಬಹುದೇನೋ" ಅಂದರು. ಇಲ್ಲಿ "ಏನೋ" ಅಂದರೆ "ಖಂಡಿತ ಬೇಡ" ಅಂತ. ನನಗೆ ಸಿಟ್ಟು ಬಂತು. ಮುತ್ತೈದೆ ಬಳೆ ಬಿಚ್ಚುವುದಾ? ಮುಖ ನೋಡಿಯೇ ಅವರಿಗೆ ಗೊತ್ತಾಯಿತು. ಒಂದು ಬಿಳಿ ಕರವಸ್ತ್ರ ತಂದು ಬಳೆಗಳ ಮೇಲೆ ಸುತ್ತಿ ಕಟ್ಟಿದರು. ನೀವು ಒಂದೇ ತೆಳು ಬಳೆ ಹಾಕಿ, ಮೊಣಕೈ ಕಡೆಗೆ ಏರಿಸಿಕೊಳ್ಳಿ. ಬಿಳಿ ಕಾಲುಚೀಲ ಮರೆಯಬೇಡಿ.

ಒಳಗೆ ಹೋಗುವ ಬಾಗಿಲು ನಿಜಿರಿಗುಚಿ, ಸುಮಾರು 66 ಸೆಂಟಿಮೀಟರ್ ಎತ್ತರ. ಈ ಪದ್ಧತಿಗೆ ರೂಪ ಕೊಟ್ಟ ಸೆನ್ ನೊ ರಿಕ್ಯು (1522–1591) ಕಾಲದಲ್ಲಿ ಸಮುರಾಯಿ ಯೋಧನೂ ಕತ್ತಿ ಹೊರಗಿಟ್ಟು ತೆವಳಿಕೊಂಡೇ ಬರಬೇಕಿತ್ತಂತೆ. ಮಲೆನಾಡಿನ ತಗ್ಗು ಬಾಗಿಲಲ್ಲಿ ಹಣೆ ಬಡಿಸಿಕೊಂಡು ಬೆಳೆದವಳು ನಾನು, ಬಗ್ಗುವುದು ಗೊತ್ತಿತ್ತು. ಸೀರೆಯಲ್ಲಿ ಮಂಡಿಯೂರಿ ಜರುಗುವುದು ಗೊತ್ತಿರಲಿಲ್ಲ. ನೆರಿಗೆ ಅರ್ಧ ಹೊರಗೇ ಉಳಿಯಿತು. ಚೂಡಿದಾರ್ ವಾಸಿ.

ಕೂರುವುದು ವಜ್ರಾಸನ. ಊಟಕ್ಕೆ ಚಕ್ಕಳಮಕ್ಕಳ ಕೂತ ಅಭ್ಯಾಸ ಏನೂ ಪ್ರಯೋಜನಕ್ಕೆ ಬರುವುದಿಲ್ಲ. ಜೋಮು ಹಿಡಿದರೆ ಹೇಳಿ, ಯಾರೂ ಬೈಯುವುದಿಲ್ಲ. ನಾನು ಮರ್ಯಾದೆಗೆ ಅಂಜಿ ಸುಮ್ಮನಿದ್ದು, ಏಳುವಾಗ ಪಕ್ಕದ ಅಜ್ಜಿಯ ಮಡಿಲಿಗೇ ಬಿದ್ದೆ.

ಸಿಹಿ ಮೊದಲು ಬರುತ್ತದೆ. ಹೆಚ್ಚಾಗಿ ಕೆಂಪು ಕಾಳಿನ ಹೂರಣ, ನಮ್ಮ ಹೋಳಿಗೆ ಹೂರಣದ ತಂಗಿ. ಮೊಟ್ಟೆ ಇದೆಯಾ ಅಂತ ಒಂದು ಮಾತು ಕೇಳಿ. ಜೊತೆಗೆ ಊಟವೂ ಇದ್ದರೆ ಸಾರಿಗೆ ಮೀನಿನ ರಸ ಹಾಕಿರುತ್ತಾರೆ, ಮುಂಚೆಯೇ ಹೇಳಿಡಿ. ನಾನು ಅರ್ಧ ಸಿಹಿ ಚಹಾ ಜೊತೆಗಿರಲಿ ಅಂತ ಎತ್ತಿಟ್ಟೆ. ತಪ್ಪು, ಬಟ್ಟಲು ಬರುವಷ್ಟರಲ್ಲಿ ತಿಂದು ಮುಗಿಸಬೇಕು. ಆಮೇಲೆ ಮಚ್ಚಾ, ಅಂದರೆ ಹಸಿರು ಚಹಾ ಪುಡಿ ಕದಡಿದ ಚಹಾ, ಒಂದು ಗುಟುಕು ಕುಡಿದು, ಸಕ್ಕರೆ ಸಿಗುತ್ತಾ ಅಂದೆ. ಕೆಟಲ್ ಕುದಿಯುವ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಬಟ್ಟಲನ್ನು ಎಡಗೈ ಮೇಲಿಟ್ಟು, ಬಲಗೈಯಿಂದ ಎರಡು ಸಲ ತಿರುಗಿಸಿ ಕುಡಿಯಬೇಕು. ಬಟ್ಟಲಿನ ಮುಂಭಾಗಕ್ಕೆ ತುಟಿ ತಾಗಿಸಬಾರದು ಅಂತ. ಕೊನೆಯ ಗುಟುಕನ್ನು ಸೊರ್ ಅಂತ ಹೀರಬೇಕು. ಹಾಗೆ ಹೀರಿದ್ದಕ್ಕೇ ನನ್ನ ಅಮ್ಮ ತಲೆಗೆ ಮೊಟಕುತ್ತಿದ್ದರು.

ಮೊದಲ ಸಲದವರಿಗೆ ಸಿಗುವುದು ಉಸುಚಾ, ತೆಳು ಚಹಾ, ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು. ಗಟ್ಟಿ ಚಹಾ ಕೊಯಿಚಾ ಹಾಗಲ್ಲ. ಒಂದೇ ಬಟ್ಟಲು, ಎಲ್ಲರೂ ಕುಡಿದು, ಅಂಚು ಒರೆಸಿ ಪಕ್ಕದವರಿಗೆ ಕೊಡುವುದು. ಎಂಜಲು! ಅಣ್ಣ ಕಚ್ಚಿದ ಪೇರಳೆ ಕೂಡ ಮುಟ್ಟದವಳು ನಾನು. ಮೊದಲ ಸಲ ಕೊಯಿಚಾ ಬಂದಾಗ ತುಟಿ ತಾಗಿಸಿದ ಹಾಗೆ ನಟಿಸಿ ದಾಟಿಸಿದೆ. ಗುರುಗಳಿಗೆ ಗೊತ್ತಾಗಿತ್ತು, ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು. ಕುಡಿಯಲು ಒಂದು ವರ್ಷ ಬೇಕಾಯಿತು. ಕೊರೋನಾ ನಂತರ ಎಷ್ಟೋ ಕಡೆ ಕೊಯಿಚಾಗೂ ಬೇರೆ ಬೇರೆ ಬಟ್ಟಲು. ನೀವು ಬಚಾವ್. ನನಗೆ ಮಾತ್ರ ಈಗ ಏನೋ ಕಮ್ಮಿ ಅನ್ನಿಸುತ್ತದೆ.

ಮಗಳು ಶಾಲೆಯ ಚಹಾ ಕ್ಲಬ್ಬಿಗೆ ಸೇರಿದಳು. ಬಂದವರಿಗೆ ಮೊದಲು ಸಿಹಿ, ಆಮೇಲೆ ಕುಡಿಯುವುದು, ಏನು ಚೆಂದ ಅಲ್ವಾ ಅಂತ ನನಗೇ ಪಾಠ ಹೇಳಿದಳು. ನಮ್ಮಲ್ಲೂ ಬೆಲ್ಲ ನೀರು ಕೊಡ್ತೀವಿ ಕಣೇ ಅಂದೆ. "ಯಾವಾಗ ಕೊಟ್ಟಿದ್ದೀಯಾ?" ಅಂದಳು. ಇಲ್ಲಿ ನಮ್ಮ ಮನೆಗೆ ಬಂದವರಿಗೆಲ್ಲ ನಾನು ಕೊಟ್ಟಿದ್ದು ಫ್ರಿಜ್ಜಿನ ಜ್ಯೂಸ್.

ಹೋದ ಬೇಸಿಗೆಯಲ್ಲಿ ತೀರ್ಥಹಳ್ಳಿಗೆ ಹೋದಾಗ ಅಮ್ಮ ಅವಳ ಮುಂದೆ ಬೆಲ್ಲದ ಚೂರು, ಚೊಂಬು ನೀರು ಇಟ್ಟರು. ಅವಳು ಬೆಲ್ಲ ಪೂರ್ತಿ ತಿಂದಳು. ಚೊಂಬನ್ನು ಎಡಗೈ ಮೇಲಿಟ್ಟು ಎರಡು ಸಲ ತಿರುಗಿಸಿ, ಕಚ್ಚಿ ಕುಡಿದಳು. ಅಮ್ಮ ನನ್ನ ಮುಖ ನೋಡಿದರು.

"ಎತ್ತಿ ಕುಡಿಯೋದು ಕಲಿಸಲಿಲ್ವೇನೇ? ಮತ್ತೆ ಆ ತಿರುಗಿಸಿದ್ದು ಏನು, ನೀರಲ್ಲಿ ಇರುವೆ ಬಿದ್ದಿತ್ತಾ?"