ಅಜ್ಜಿಗೆ ಎರಡು ಕನ್ನಡ

ಕೊಂಕಣದ ಮರಾಠಿ ಮಾತಾಡುವ ಯಹೂದಿಗಳಾದ ಬೆನೆ ಇಸ್ರೇಲಿಗಳ ಮೇಲೆ ನಾನು ಬರೆದ ನೀಳ್ಗತೆ ಕೊನೆಗೂ ಅಚ್ಚಾಯಿತು. "ನೀನು ಬೆನೆ ಇಸ್ರೇಲಿಗಳ ಕತೆ ಬರೀತೀಯಾ, ಅದೂ ಕನ್ನಡದಲ್ಲಿ?" ಅಂತ ಮುಂಬೈನ ನಮ್ಮ ಗೆಳೆಯರೇ ನಕ್ಕಿದ್ದರು. ಅದಕ್ಕೇ, ಹೇಗೆ ಬರೆದೆ ಅಂತ ಇಲ್ಲಿ ಹೇಳ್ತಿದ್ದೀನಿ.

ಕತೆಯ ಅಜ್ಜಿ ಅಲಿಬಾಗ್ ಕಡೆಯವಳು. ಅರವತ್ತರ ದಶಕದಲ್ಲಿ ಇಸ್ರೇಲಿಗೆ ಹೋಗಿ ದಿಮೋನಾದಲ್ಲಿ ನೆಲೆಸಿದವಳು. ಮನೆಯಲ್ಲಿ ಮರಾಠಿ, ಹೊರಗೆ ಹೀಬ್ರೂ.

ಮೊದಲ ಸಲ ಮಾಹಿತಿ ತುರುಕಿ ಕೆಡಿಸಿದೆ. ಶನಿವಾರ ಗಾಣ ಕಟ್ಟದ ಇವರಿಗೆ ಕೊಂಕಣದಲ್ಲಿ 'ಶನಿವಾರ ತೇಲಿ' (ಶನಿವಾರದ ಗಾಣಿಗರು) ಅನ್ನುತ್ತಿದ್ದದ್ದು, ಮುಂಬೈ ಮಾಂಡವಿಯ 1796ರ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ), ಇವರ ಮದುವೆಗಳಿಗೆ ಇಸ್ರೇಲಿನ ರಬ್ಬಿಗಳು, ಅಂದರೆ ಧರ್ಮಗುರುಗಳು, ತಕರಾರು ತೆಗೆದದ್ದು, ಅದರ ವಿರುದ್ಧ 1964ರ ಪ್ರತಿಭಟನೆ, ಎಲ್ಲಾ ಇತ್ತು. ಅಜ್ಜಿ ಮಾತ್ರ ಇರಲಿಲ್ಲ. ಎರಡನೇ ಸಲ ಮರಾಠಿ ಮಾತನ್ನು ಹಾಗೇ ಇಟ್ಟು ಕೆಳಗೆ ಅರ್ಥ ಕೊಟ್ಟೆ. ಸಂಪಾದಕರು ಎರಡು ಸಾಲು ಬರೆದು ವಾಪಸ್ ಕಳಿಸಿದರು. ಅಷ್ಟೊತ್ತಿಗೆ ಅಲಿಬಾಗ್ ಕಡೆ ಹೋಗೋ ಮಾಂಡ್ವಾ ಲಾಂಚು, ಹಳೇ ಪುಸ್ತಕ, ಜೆರಾಕ್ಸ್ ಎಲ್ಲಾ ಸೇರಿ 11,000 ರೂಪಾಯಿ ಹತ್ತಿರ ಹೋಗಿತ್ತು.

ಆಮೇಲೆ ಹೊಳೆಯಿತು. ಮರಾಠಿಗೆ ಧಾರವಾಡದ ಕನ್ನಡ ಇಟ್ಟೆ. ಹೀಬ್ರೂ ಅವಳು ಉಲ್ಪಾನ್‌ನಲ್ಲಿ, ಅಂದರೆ ವಲಸೆ ಬಂದವರಿಗೆ ಹೀಬ್ರೂ ಕಲಿಸುವ ತರಗತಿಯಲ್ಲಿ, ಕಲಿತದ್ದು ಅಲ್ವಾ, ಅದಕ್ಕೆ ಪಠ್ಯಪುಸ್ತಕದ ಕನ್ನಡ. ಅಂಗಡಿಯಲ್ಲಿ "ನನಗೆ ಎರಡು ಬ್ರೆಡ್ಡುಗಳನ್ನು ಕೊಡುವಿರಾ?" ಅನ್ನುತ್ತಾಳೆ. ಮನೆಗೆ ಬಂದು "ಏನ್ ತುಟ್ಟಿ ಆಗೇತ್ರೀ ಎಲ್ಲಾ!" ಹುಟ್ಟಾ ಹೀಬ್ರೂ ಆಡುವ ಮೊಮ್ಮಗನಿಗೆ ಬೆಂಗಳೂರಿನ ಮಾತು: "ಬೇಗ ಹೇಳು ಅಜ್ಜಿ, ಬಸ್ ಹೋಗ್ಬಿಡುತ್ತೆ." ಯಾರು ಯಾವ ಭಾಷೆ ಆಡುತ್ತಿದ್ದಾರೆ ಅಂತ ಒಂದು ಕಡೆಯೂ ಹೇಳಿಲ್ಲ. ಒಂದೇ ವಾಕ್ಯದ ನಡುವೆ ಮಾತು ಬದಲಾಗುವಾಗ ಏನು ಮಾಡಿದೆ ಅನ್ನೋದನ್ನು ಇಲ್ಲಿ ಹೇಳೋಲ್ಲ. ಮುಂದಿನ ಕತೆಗೆ ಬೇಕು.

ಇದೇ ಉಪಾಯವನ್ನು ಇಸ್ರೇಲಿನ ನೆವಾಟಿಮ್ ಹಳ್ಳಿಯಲ್ಲಿರುವ ಕೊಚ್ಚಿ ಯಹೂದಿಗಳ ಮೇಲೂ ಹೂಡಿದೆ. ಮಲಯಾಳಕ್ಕೆ ಮಂಗಳೂರು ಕನ್ನಡ. ತೋಪಾಯಿತು. ಮಂಗಳೂರು ಕನ್ನಡವೇ ಅರ್ಧ ಪುಸ್ತಕದ ಹಾಗಿರುತ್ತೆ, ಊರು ಯಾವುದು ಉಲ್ಪಾನ್ ಯಾವುದು ಗೊತ್ತಾಗಲಿಲ್ಲ.

ಮಲೀದಾ ಕೂಡ ಮಾಡಿ ನೋಡಿದೆ. ಎಲಿಯಾಹು ಪ್ರವಾದಿಯ ಹೆಸರಲ್ಲಿ ಹಂಚುವ ಸಿಹಿ ಅವಲಕ್ಕಿ. ಗಟ್ಟಿ ಅವಲಕ್ಕಿ ನೆನೆದು ಗಂಜಿಯಾಯಿತು! ಎರಡನೇ ಸಲ ಸುಮ್ನೆ ನೀರು ಚಿಮುಕಿಸಿ ತೆಂಗಿನತುರಿ, ಸಕ್ಕರೆ, ಏಲಕ್ಕಿ ಕಲಸಿದೆ, ಉದುರುದುರಾಗಿ ಬಂತು. ಆ ತಟ್ಟೆಯಿಂದಲೇ ಕತೆಯ ಕೊನೆ ಸಿಕ್ಕಿತು. ಮಲೀದಾ ತಿನ್ನುತ್ತಾ ಮೊಮ್ಮಗ ಮೊದಲ ಸಲ "ಆಯೀ, ಇನ್ನಷ್ಟ ಹಾಕ" ಅನ್ನುತ್ತಾನೆ. ಗಾಬರಿಯಾದ ಅಜ್ಜಿ "ತೆಗೆದುಕೊಳ್ಳುವಂಥವನಾಗು" ಅಂತಾಳೆ.

ಗೌರವಧನ 1,500. ಕರಡಚ್ಚು ಬಂದಾಗ ನೋಡಿದರೆ ಅಜ್ಜಿಯ ಪುಸ್ತಕದ ಮಾತನ್ನೆಲ್ಲ ಯಾರೋ ಚೆನ್ನಾಗಿ, ಸಹಜವಾಗಿ ತಿದ್ದಿಟ್ಟಿದ್ದರು. ರಾತ್ರಿಯೆಲ್ಲ ಕೂತು ವಾಪಸ್ ಕೆಡಿಸಿದೆ.